ಪಾಳಿ ಇಲ್ಲದವಳ ಪ್ರಾರ್ಥನೆ

ಕಣ್ಣು ಮುಚ್ಚಿದರೆ ಏನೂ ಕಾಣುವುದಿಲ್ಲ ಎಂದು ಹೇಳುವವರು ಊಟದ ಮುಂದೆ ಕಣ್ಣು ಮುಚ್ಚಿ ಕೂತವರಲ್ಲ. ಬಿಸಿ ರೊಟ್ಟಿ ಎದುರಿಗಿದೆ, ಬದನೆಕಾಯಿ ಪಲ್ಯದ ವಾಸನೆ ಮೂಗಿನ ತನಕ ಬಂದು ನಿಂತಿದೆ, ಇನ್ನೊಬ್ಬರು ದೇವರ ಜೊತೆ ಮಾತಾಡಿ ಮುಗಿಸಬೇಕು, ಅಲ್ಲಿಯ ತನಕ ನೀವು ಕಣ್ಣು ತೆರೆಯುವಂತಿಲ್ಲ. ಹಾಗೆ ಕೂತು ನೋಡಿ, ಕಾಣದ್ದೆಲ್ಲ ಕಾಣುತ್ತದೆ. ನಾನು ಆ ಹೊತ್ತಿನಲ್ಲಿ ದಿನಕ್ಕೊಂದು ಸಲ ಮಾಸೂರಿಗೆ ಹೋಗಿಬರುತ್ತಿದ್ದೆ. ಬಸ್ಸಿಗೆ ಕಾಯುವುದಿಲ್ಲ, ಕಾಲು ನೋಯುವುದಿಲ್ಲ. ಮದಗದ ಕೆರೆಯ ಏರಿಯ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದೆ. ನೀರು ಕಲ್ಲಿಗೆ ಮೆಲ್ಲಗೆ ಬಡಿದು ಹಿಂದಕ್ಕೆ ಸರಿಯುತ್ತಿತ್ತು. ಆಚೆ ಹಸಿರು ಗದ್ದೆಯ ಮೇಲೆ ಗಾಳಿ ಮಲಗಿ ಏಳುತ್ತಿತ್ತು. ಮಗಳ ಮನೆಯ ಬಾಗಿಲಿಗೆ ಹೋಗಿ, "ನೀಲಾ" ಎಂದು ಕರೆಯಬೇಕು ಅನ್ನುವಷ್ಟರಲ್ಲಿ ಯಾರೋ "ಆಮೆನ್" ಅನ್ನುತ್ತಿದ್ದರು. ಕಣ್ಣು ತೆರೆದರೆ ರೊಟ್ಟಿ ಆರಿರುತ್ತಿತ್ತು.

ನಾನೀಗ ಅಜ್ಜಿಯಾಗಿದ್ದೇನೆ. ಈ ಮಾತನ್ನು ಕೊನೆಗೆ ಹೇಳಬೇಕೆಂದು ಬಚ್ಚಿಟ್ಟುಕೊಂಡಿದ್ದೆ, ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹಾಲು ಕಾಯಿಸುವಾಗ ನಾನು ಯಾವತ್ತೂ ಉಕ್ಕಿಸಿದವಳಲ್ಲ; ಆದರೆ ಈ ಒಂದು ವಿಷಯದಲ್ಲಿ ಒಲೆಯೆಲ್ಲ ತೊಯ್ದು ಹೋಗಿದೆ. ಅಕ್ಷರ ನನಗೆ ಅಷ್ಟಕ್ಕಷ್ಟೇ. ಬೋರ್ಡಿಂಗಿನ ಹುಡುಗಿಯರು ಪಾಠ ಒಪ್ಪಿಸುವಾಗ ಬಾಗಿಲಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತ ಕಲಿತದ್ದು. ಅದಕ್ಕೇ ನನ್ನ ಬರಹದಲ್ಲಿ ಈಗಲೂ ನಡುನಡುವೆ ಕಲ್ಲು ಸಿಕ್ಕೀತು. ಓದುವವರು ಹಲ್ಲು ನೋಡಿಕೊಂಡು ಓದಬೇಕು.

ಹಿರೇಕೆರೂರಿನಿಂದ ಮಾಸೂರಿಗೆ ಹೋಗುವ ದಾರಿಯಲ್ಲಿ, ಊರು ಮುಗಿದು ಹತ್ತಿಯ ಹೊಲ ಶುರುವಾಗುವಲ್ಲಿ, ಮಿಶನ್ನಿನವರು ಕಟ್ಟಿಸಿದ ಒಂದು ಉದ್ದನೆಯ ಹಂಚಿನ ಮನೆಯಿದೆ. ಮುಂದೆ ಬೇವಿನ ಮರ, ಹಿಂದೆ ಬಾವಿ. ಮಿಶನ್ನಿನಲ್ಲಿ ದುಡಿದು ಮುದಿಯಾದವರು ಇರಲೆಂದು ಮಾಡಿದ ಮನೆ. ಜನ 'ಮುದುಕರ ಮನಿ' ಅನ್ನುತ್ತಾರೆ. ನಾವು ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ಅಲ್ಲಿ ನಾವು ಹತ್ತು ಮಂದಿ ಇದ್ದೆವು. ಒಂಬತ್ತು ಮಂದಿ ಕ್ರೈಸ್ತರು, ಹತ್ತನೆಯವಳು ನಾನು. ನನ್ನ ದೇವರು ದ್ಯಾಮವ್ವ. ಅಂಗೈ ಅಗಲದ ಹಿತ್ತಾಳೆ ಮುಖ. ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಆಕೆಯ ಬಿಡಾರ. ಮಂಗಳವಾರ, ಶುಕ್ರವಾರ ಮುಚ್ಚಳ ತೆಗೆದು ಒಂದು ಸಣ್ಣ ದೀಪ ಹಚ್ಚುತ್ತಿದ್ದೆ. ಕ್ರೈಸ್ತರ ಮನೆಯಲ್ಲಿ ನನ್ನದೇನು ಕೆಲಸ ಅನ್ನುತ್ತೀರಾ? ಮಿಶನ್ನಿನ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಇಪ್ಪತ್ತೆಂಟು ವರ್ಷ ಅಡಿಗೆ ಮಾಡಿದವಳು ನಾನು. ಗಂಡ ಬೇಗ ಹೋದ, ಇರುವವಳು ಒಬ್ಬಳೇ ಮಗಳು. ಮಗಳ ಅತ್ತೆಮನೆಗೆ ಅವ್ವ ಹೋಗಿ ಗಂಟು ಬಿಚ್ಚುವುದು ನಮ್ಮಲ್ಲಿಲ್ಲ. ಬೋರ್ಡಿಂಗಿನ ದೊರೆಸಾನಿಯವರು ತಮ್ಮ ದೇಶಕ್ಕೆ ಹೊರಡುವ ದಿನ ನನ್ನನ್ನು ಆ ಮನೆಗೆ ಸೇರಿಸಿ, ಎಲ್ಲರ ಮುಂದೆ ಒಂದು ಮಾತು ಹೇಳಿ ಹೋದರು: "ಗಂಗವ್ವನಿಗೆ ಬಲವಂತ ಇಲ್ಲ. ಅವಳ ದೇವರು ಅವಳಿಗೆ."

ಮನೆಯ ಹಿರಿಯರು ಯೋಹಾನಪ್ಪ ಮಾಸ್ತರರು. ಮಿಶನ್ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ, ನಿಯಮವೆಂದರೆ ಸ್ಲೇಟಿನ ಮೇಲೆ ಗೆರೆ ಹೊಡೆದ ಹಾಗೆ ಇರಬೇಕು ಅನ್ನುವವರು. ದೊರೆಸಾನಿಯವರ ಮಾತನ್ನು ಅವರು ಮದುವೆಯ ಹಿತ್ತಾಳೆ ಕೊಡವನ್ನು ಅಟ್ಟದ ಮೇಲಿಟ್ಟ ಹಾಗೆ ಕಾಯ್ದರು. ಹಾಡು ಶುರುವಾದರೆ, "ಗಂಗವ್ವ, ನಿಮಗ ಬಲವಂತ ಇಲ್ರಿ." ಗುಡಿಯ ಗಂಟೆ ಹೊಡೆದರೆ, ಅಂದರೆ ಅವರ ಗುಡಿಯ ಗಂಟೆ, "ಬಲವಂತ ಇಲ್ರಿ." ಒಂದು ಕ್ರಿಸ್ಮಸ್ಸಿಗೆ ನೂರೈವತ್ತು ಕರ್ಜಿಕಾಯಿ ಕರಿದು ಸೊಂಟ ಹಿಡಿದುಕೊಂಡು ಕೂತಿದ್ದೆ. ತಟ್ಟೆ ನನ್ನ ಮುಂದೆ ಬಂದಾಗ ಮಾಸ್ತರರು ಅತ್ಯಂತ ಮರ್ಯಾದೆಯಿಂದ, "ತಿನಬೇಕಂತ ಬಲವಂತ ಇಲ್ರಿ" ಅಂದರು. ಕರಿಯುವಾಗ ಈ ಮಾತು ಯಾರಿಗೂ ನೆನಪಾಗಿರಲಿಲ್ಲ.

ಇದನ್ನೆಲ್ಲ ನಾನು ನಕ್ಕು ಬಿಡುತ್ತಿದ್ದೆ. ಬಿಡಲಾಗದ್ದು ಒಂದೇ, ಪಾಳಿ. ಮಧ್ಯಾಹ್ನದ ಊಟಕ್ಕೆ ಸಾಲಾಗಿ ಕೂತಾಗ ದಿನಕ್ಕೊಬ್ಬರು ಪ್ರಾರ್ಥನೆ ಮಾಡಬೇಕು, ಕೂತ ಸಾಲಿನಲ್ಲೇ ಪಾಳಿ. ನನ್ನ ಒಂದು ಮಗ್ಗುಲಿಗೆ ರಾಹೇಲವ್ವ. ದವಾಖಾನೆಯಲ್ಲಿ ನರ್ಸಾಗಿದ್ದು ಅರ್ಧ ತಾಲೂಕಿನ ಕೂಸುಗಳನ್ನು ಕೈಯಲ್ಲಿ ಹಿಡಿದವಳು. ಇನ್ನೊಂದು ಮಗ್ಗುಲಿಗೆ ದಾವೀದಪ್ಪ. ದೊರೆಸಾನಿಯವರ ಚಕ್ಕಡಿ ಹೊಡೆಯುತ್ತಿದ್ದವನು, ಎತ್ತಿಗಿಂತ ಒಂದು ಹಿಡಿ ಹೆಚ್ಚು ಹಸಿವಿನವನು. ಒಂದು ದಿನ ರಾಹೇಲವ್ವನ ಪಾಳಿ ಮುಗಿದರೆ ಮರುದಿನ ಮಾಸ್ತರರ ಬೆರಳು ಮಳೆಯ ನೀರು ದಾಟಿದ ಹಾಗೆ ನನ್ನನ್ನು ದಾಟಿ ದಾವೀದಪ್ಪನ ಮೇಲೆ ನಿಲ್ಲುತ್ತಿತ್ತು.

ಪ್ರಾರ್ಥನೆ ತಪ್ಪಿದರೆ ಕಳೆದುಕೊಂಡದ್ದೇನು ಅಂದುಕೊಳ್ಳಬೇಡಿ. ಆ ಮನೆಯಲ್ಲಿ ಇದ್ದದ್ದು ಎರಡೇ ಕಾನೂನು. ಪ್ರಾರ್ಥನೆಯ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಆಮೆನ್ ಆಗುವ ತನಕ ಯಾರೂ ರೊಟ್ಟಿ ಮುರಿಯುವಂತಿಲ್ಲ. ಹೀಗಾಗಿ ಆ ಮನೆಯ ಜಗಳಗಳೆಲ್ಲ ಪ್ರಾರ್ಥನೆಯಲ್ಲೇ ನಡೆಯುತ್ತಿದ್ದವು. ರಾಹೇಲವ್ವ ಮೊದಲು ಪುಸ್ತಕದ ಕನ್ನಡದಲ್ಲಿ ಶುರು ಮಾಡುತ್ತಿದ್ದಳು: "ಕೃಪಾಳುವಾದ ತಂದೆಯೇ, ನಿನ್ನ ಬಿಸಿಲನ್ನು ಎಲ್ಲರಿಗೂ ಸಮನಾಗಿ ಕೊಟ್ಟಿದ್ದೀ." ಆಮೇಲೆ ದನಿ ಅಂಗಳಕ್ಕೆ ಇಳಿಯುತ್ತಿತ್ತು: "ಆದ್ರ ಬಿಸಲಾಗ ಹಾಕಿದ ಬೆತ್ತದ ಕುರ್ಚಿ ಮ್ಯಾಲೆ ಮುಂಜಾನಿಂದ ಸಂಜೀತನ ಒಬ್ಬಾವನ ಕುಂತಿರ್ತಾನ. ಅವಂಗ ಬುದ್ಧಿ ಕೊಡು." ಎಲ್ಲರೂ ಆಮೆನ್. ಮರುದಿನ ದಾವೀದಪ್ಪ: "ತಂದೆಯೇ, ಕುರ್ಚಿ ಬೇಡಿದವ್ರಿಗೆ ಕುರ್ಚಿ ಕೊಡು. ಅದಕ್ಕಿಂತ ಮೊದಲ ಅವ್ರ ಬಾಯಿಗೆ ಒಂದೀಟು ವಿಶ್ರಾಂತಿ ಕೊಡು." ಅದಕ್ಕೂ ಆಮೆನ್. ನನ್ನ ಮೇಲೂ ಪ್ರಾರ್ಥನೆಗಳು ಬೀಳುತ್ತಿದ್ದವು. "ಡಬ್ಬಿಯೊಳಗಿನ ದೀಪದಿಂದ ಬಾಜೂ ಚಾಪಿಗೆ ಬೆಂಕಿ ಹತ್ತಧಂಗ ಕಾಯಿ ಸ್ವಾಮಿ" ಎಂದು ಬಾಜೂ ಚಾಪೆಯ ರಾಹೇಲವ್ವ. ಅವಳ ಗೊರಕೆಗೆ ನನ್ನ ದೀಪ ಎರಡು ಸಲ ಆರಿದೆ ಎಂದು ಹೇಳಲು ನನಗೆ ಪಾಳಿ ಇಲ್ಲ! ಎಲ್ಲರೂ ದೇವರ ಮುಂದೆ ತಕರಾರು ಹೇಳಬಹುದು, ನಾನೊಬ್ಬಳೇ ಸ್ವತಂತ್ರಳು. ಆ ಹೊತ್ತಿನಲ್ಲೇ ನಾನು ಕಣ್ಣು ಮುಚ್ಚಿ ಮಾಸೂರಿಗೆ ಹೋಗುವುದನ್ನು ಕಲಿತದ್ದು.

ಆದರೆ ಒಂದು ಮಾತು ಹೇಳದಿದ್ದರೆ ದ್ಯಾಮವ್ವ ಮೆಚ್ಚಲಿಕ್ಕಿಲ್ಲ. ಮಗಳಿಗೆ ಮದುವೆಯಾಗಿ ಹನ್ನೊಂದು ವರ್ಷ ಮಕ್ಕಳಿರಲಿಲ್ಲ. ನಾನು ಆ ಮನೆಗೆ ಕಾಲಿಟ್ಟ ದಿನದಿಂದ ಆ ಒಂಬತ್ತು ಮಂದಿ ತಮ್ಮ ತಮ್ಮ ಪಾಳಿಯಲ್ಲಿ, ಕುರ್ಚಿಯ ಜಗಳ ಮುಗಿದ ಮೇಲೆ, "ಮಾಸೂರಿನ ನೀಲವ್ವನ ಉಡಿಯನ್ನು ತುಂಬು" ಎಂದು ತಪ್ಪದೆ ಸೇರಿಸುತ್ತಿದ್ದರು. ಯಾರಿಗೂ ಯಾರೂ ಹೇಳಿಕೊಟ್ಟದ್ದಲ್ಲ.

ಒಂದು ಸಂತೆಯ ದಿನ ಅಳಿಯ ಬಸಪ್ಪ ಬಂದ. ಹತ್ತಿಯ ಗಾಡಿಯ ಜೊತೆ ಬಂದದ್ದರಿಂದ ತಲೆಯ ಮೇಲೆಲ್ಲ ಅರಳೆ. ಮದುಮಗನ ಹಾಗೆ ಬೆಳ್ಳಗೆ ಹೊಳೆಯುತ್ತ ನಿಂತು, "ಅತ್ತೀ, ನಿಮ್ಮ ಮಗಳಿಗೆ ಆರು ತಿಂಗಳು" ಅಂದ. ನಾನು ಬೇವಿನ ಮರಕ್ಕೆ ಆತುಕೊಂಡೆ. ಹೂವು ಉದುರುವ ಕಾಲ. ಮೈಮೇಲೆ ಸುಮ್ಮನೆ ಉದುರುತ್ತಿತ್ತು. ಅವನು ಮುಂದುವರಿಸಿದ: "ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕಂತ ನಮ್ಮವ್ವ ಅಂದ್ಳು. ಯಾವಾಗ ಕರಿಯಾಕ ಬರ್ತೀರಿ?"

ಬೇವಿನ ಹೂವು ಉದುರುವುದು ಅಲ್ಲಿಗೆ ನಿಂತಿತು. ನನ್ನ ಮಗಳ ತವರುಮನೆ ಅಂದರೆ ಒಂದು ಚಾಪೆ, ಒಂದು ಟ್ರಂಕು, ಒಂದು ಡಬ್ಬಿ. ಓರಗೆಯವರೆಲ್ಲ ಬಂಡಿ ಕಟ್ಟಿಕೊಂಡು ತವರಿಗೆ ಹೋಗಿ ಕೂಸು ಎತ್ತಿಕೊಂಡು ಬರುವುದನ್ನು ಹನ್ನೊಂದು ವರ್ಷ ನೋಡಿದವಳು ಅವಳು. ಈಗ ತುಂಬಿದ ಬಸುರಿಯಾಗಿ, "ನಿನಗ ಕರಿಯಾವ್ರ ಇಲ್ಲೇನ" ಅನ್ನಿಸಿಕೊಂಡು ಆ ಬಾಗಿಲಲ್ಲೇ ನಿಲ್ಲಬೇಕೇ? "ಬರ್ತೇನಪ್ಪಾ" ಅಂದೆ. ಬಾಯಿ ನನ್ನ ಅಪ್ಪಣೆ ಕೇಳದೆ ಹೇಳಿಬಿಟ್ಟಿತ್ತು.

ಮಾಸ್ತರರ ಹತ್ತಿರ ಹೋದೆ. ಅವರು ಹೆಸರು ಬರೆಯುವ ದೊಡ್ಡ ಪುಸ್ತಕ ತೆಗೆದು, ಮುಚ್ಚಿ, ಮತ್ತೆ ತೆಗೆದರು. "ಗಂಗವ್ವ, ಇದು ಮುದುಕರ ಮನಿ. ಇರಾವ್ರಿಗೆ ಅರವತ್ತ ತುಂಬಿರಬೇಕಂತ ನಿಯಮ ಐತಿ. ನಾಳೆ ಕೂಸು ಹುಟ್ಟಿದ್ರ ಅದರ ವಯಸ್ಸು ಎಷ್ಟಂತ ಬರೀಲಿ?"

"ತುಂಬತೈತ್ರಿ ಮಾಸ್ತರ್ರ, ನಿಧಾನಕ."

ಅವರು ನಗಲಿಲ್ಲ. "ಮತ್ತ ನಿಮ್ಮ ಪದ್ಧತಿ ಅದಾವು. ಐದನೇ ದಿನದ ಐದೇಶಿ, ಸೆಟಗವ್ವ, ತೊಟ್ಟಿಲ, ಪೂಜಿ. ಮಾಡಬ್ಯಾಡ್ರಿ ಅಂದ್ರ ನಿಮಗ ಬಲವಂತ ಮಾಡಿಧಂಗ. ಮಾಡ್ರಿ ಅಂದ್ರ ಮ್ಯಾಲಿನವ್ರು ನನ್ನ ಕೇಳ್ತಾರ. ಅದಕ್ಕ ಆಕಿ ಬರೂದ ಬ್ಯಾಡ. ಆಗ ಯಾರಿಗೂ ಬಲವಂತ ಇಲ್ಲ."

ಧರ್ಮದ ಸ್ವಾತಂತ್ರ್ಯ ಅಂದರೆ ಏನೆಂದು ದೊಡ್ಡವರು ಭಾಷಣದಲ್ಲಿ ಹೇಳುವುದನ್ನು ಕೇಳಿದ್ದೇನೆ. ಅದರಲ್ಲಿ ಬಾಣಂತಿಗೆ ಚಾಪೆ ಎಲ್ಲಿ ಹಾಸಬೇಕು ಅನ್ನುವುದು ಬರುವುದಿಲ್ಲ.

ಸುದ್ದಿ ಸಾಲಿನಲ್ಲಿ ಹಬ್ಬಿತು, ಪ್ರಾರ್ಥನೆಗೂ ಬಂತು. ಮಾಸ್ತರರು ತಮ್ಮ ಪಾಳಿಯ ದಿನ, "ತಂದೆಯೇ, ಮೃದುವಾದ ಮನಸ್ಸು ಕೊಡು, ನಿಯಮ ಪಾಲಿಸುವ ಗಟ್ಟಿ ಮನಸ್ಸನ್ನೂ ಕೊಡು" ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಬೇಡಿದರು. ಯಾವುದು ಮೊದಲು ಬರುತ್ತದೋ ಎಂದು ನಾನು ನಾಲ್ಕು ದಿನ ಅವರ ಮುಖ ನೋಡಿದೆ. ಐದನೆಯ ದಿನ ರಾಹೇಲವ್ವನ ಪಾಳಿ. ನನ್ನ ದೀಪದ ಬಗ್ಗೆ ಏನೋ ಬರುತ್ತದೆ ಎಂದು ನಾನು ಆಗಲೇ ಮದಗದ ಕೆರೆಯ ಕಡೆ ಹೊರಟಿದ್ದೆ. "ತಂದೆಯೇ" ಎಂದಳು ರಾಹೇಲವ್ವ, "ನಿನ್ನ ಮಗ ಹುಟ್ಟು ಮುಂದ ಇಡೀ ಊರಾಗ ಒಂದು ಖೋಲಿ ಸಿಗಲಿಲ್ಲ. ಜಾಗಾ ಇಲ್ಲ ಅಂದಾವ ಯಾರೋ, ಅವನ ಹೆಸರ ಯಾರಿಗೂ ಗೊತ್ತಿಲ್ಲ. ಆದ್ರ ಇವತ್ತಿಗೂ ಅವಂಗ ಬೈತಾರ. ನಮ್ಮ ಮಾಸ್ತರ್ನ ಆ ಸಾಲಿಗೆ ಸೇರಸಬ್ಯಾಡ."

ನಾನು ಏರಿಯ ಮೇಲೆ ಅರ್ಧದಲ್ಲೇ ನಿಂತುಬಿಟ್ಟೆ. ಕಣ್ಣು ತೆರೆದರೆ ರಾಹೇಲವ್ವ ನನ್ನನ್ನೇ ನೋಡುತ್ತಿದ್ದಳು, ಪ್ರಾರ್ಥನೆ ಮಾಡುವವಳೇ ಕಣ್ಣು ತೆರೆದುಕೊಂಡು. ಮಾಸ್ತರರು ಅಂದು ಅರ್ಧ ರೊಟ್ಟಿ ಬಿಟ್ಟು ಎದ್ದರು. ಆದರೆ ಹೂಂ ಅನ್ನಲಿಲ್ಲ.

ಮರುದಿನ ನ್ಯಾಯವಾಗಿ ನನ್ನ ಜಾಗದ ಪಾಳಿ. ಮಾಸ್ತರರ ಬೆರಳು ಎಂದಿನಂತೆ ನನ್ನನ್ನು ದಾಟಿತು. ದಾವೀದಪ್ಪ ಕಣ್ಣು ಮುಚ್ಚಿ ಬಾಯಿ ತೆರೆದಿದ್ದ. ನಾನು ಅವನ ಮೊಣಕೈ ಹಿಡಿದೆ. "ದಾವೀದಣ್ಣ, ತಡಿ. ಇವತ್ತ ನನ್ನ ಪಾಳಿ."

"ಗಂಗವ್ವ" ಎಂದರು ಮಾಸ್ತರರು, "ನಿಮಗ ಬಲವಂತ..."

"ಬಲವಂತ ಇಲ್ಲ, ಗೊತ್ತೈತ್ರಿ. ಬಲವಂತ ಇಲ್ಲ ಅಂದ್ರ ಬಾಯೀನೂ ಇಲ್ಲ ಅಂತೇನ್ರಿ?"

ಸಾಲಿನಲ್ಲಿ ಯಾರದೋ ಲೋಟ ಉರುಳಿತು. ಮಾಸ್ತರರು ತಗ್ಗಿದ ದನಿಯಲ್ಲಿ, "ಯಾವ ದೇವರಿಗೆ ಮಾಡಾವ್ರು ನೀವು?" ಎಂದು ಕೇಳಿದರು.

"ನನ್ನ ಗುರ್ತಿನ ದೇವ್ರಿಗ್ರಿ. ನಿಮ್ಮ ಸ್ವಾಮಿಗೆ ನಾ ಹೊಸಬಾಕಿ. ಮೊದಲ ಭೆಟ್ಟಿಗೇ ಕೈ ಒಡ್ಡಿದ್ರ ಚಲೋ ಕಾಣ್ಸೂದಿಲ್ಲ."

ಅವರು ಇನ್ನೊಂದು ಮಾತು ಹುಡುಕುವಷ್ಟರಲ್ಲಿ ನಾನು ಕಣ್ಣು ಮುಚ್ಚಿಬಿಟ್ಟೆ. ಮುಚ್ಚಿದ ಮೇಲೆ ಮುಗಿಯಿತು, ನಡುವೆ ಬಾಯಿ ಹಾಕುವಂತಿಲ್ಲ. ಪುಸ್ತಕದ ಕನ್ನಡ ನನಗೆ ಬರುವುದಿಲ್ಲ. ಬಂದದ್ದನ್ನು ಹೇಳಿದೆ:

"ಯವ್ವಾ ದ್ಯಾಮವ್ವಾ, ನಾನ, ಗಂಗಿ. ಡಬ್ಬ್ಯಾಗ ಕುಂತು ಕುಂತು ನಿನ್ನ ಕಾಲು ಹಿಡದಿರಬೇಕು, ಹೊಟ್ಟ್ಯಾಗ ಹಾಕ್ಕೋ. ಇಲ್ಲಿ ಇರಾವ್ರೆಲ್ಲಾ ಇದ ಜಾಗಾದಾಗ ಕುಂತು, ರೊಟ್ಟಿ ಆರಿಸ್ಕೊಂಡು, ನನ್ನ ಮಗಳ ಸಲುವಾಗಿ ಬೇಡ್ಯಾರ. ನೀನೂ ಕೇಳೀದಿ, ಇವ್ರ ಸ್ವಾಮೀನೂ ಕೇಳ್ಯಾನ. ಕೊಟ್ಟಾವ್ರು ಯಾರಂತ ನಾ ಕೇಳೂದಿಲ್ಲ. ನೀವ ನೀವ ಕುಂತು ಮಾತಾಡ್ಕೊಳ್ರಿ. ಆದ್ರ ಬೇಡಿದ ಮನ್ಯಾಗ ಆ ಕೂಸಿಗೆ ಜಾಗಾ ಇಲ್ಲ ಅಂದ್ರ ಕೊಟ್ಟಾವ್ರಿಗೆ ಹ್ಯಾಂಗ ಅನಸೀತು? ನನ್ನ ಮಗಳಿಗೆ ಇದ ತವರಮನಿ, ಬ್ಯಾರೆ ಇಲ್ಲ. ಮಾಸ್ತರ್ ಮ್ಯಾಲೆ ಸಿಟ್ಟಾಗಬ್ಯಾಡ. ಭಾಳ ಚಲೋ ಮನಷ್ಯಾರು, ಪುಸ್ತಕಕ್ಕ ಅಂಜ್ತಾರ, ಅಷ್ಟ. ರಾಹೇಲಕ್ಕನ ಕೈ ನಡಗತಾವು. ಒಂದು ಕೂಸು ಹಿಡದ್ರ ನಿಂತಾವು. ದಾವೀದಣ್ಣಗ ಹಸಿವ್ಯಾಗೇತಿ. ಇಷ್ಟ ನೋಡವ್ವ."

ಹೇಳಿ ಮುಗಿಸಿದೆ. ಆಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಮ್ಮಲ್ಲಿ ಬೇಡಿಕೊಂಡ ಮೇಲೆ ಕಾಯಿ ಒಡೆಯುತ್ತೇವೆ. ಇಲ್ಲಿ ಆಮೆನ್ ಆಗಬೇಕು. ಅದನ್ನು ನಾನೇ ಅನ್ನಬೇಕೋ, ಅಂದರೆ ನಡೆಯುತ್ತದೋ, ಗೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೂತೆ.  ಅಷ್ಟರಲ್ಲಿ ನಾನು ಮತ್ತೆ ಏರಿಯ ಮೇಲಿದ್ದೆ. ನೀರು ಅಂದು ಕಲ್ಲಿಗೆ ಬಡಿಯಲಿಲ್ಲ, ಸುಮ್ಮನೆ ಮಿನುಗುತ್ತ ಬಿದ್ದಿತ್ತು. ಈ ಸಲ ನಾನು ಮಗಳ ಬಾಗಿಲಿಗೆ ಹೋಗಲಿಲ್ಲ. ಅವಳೇ ಎದುರಿಗೆ ಬರುತ್ತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈಯಲ್ಲಿ ಚಪ್ಪಲಿ. ಅವಳ ಹಿಂದೆ ಗಾಳಿಯಲ್ಲಿ ಅರಳೆ ತೇಲಿ ಬರುತ್ತಿತ್ತು, ಬೆಳ್ಳಗೆ, ಮೆಲ್ಲಗೆ, ನೆಲಕ್ಕೆ ಬೀಳುವ ಮನಸ್ಸಿಲ್ಲದೆ. "ಯವ್ವಾ, ಎಷ್ಟ ದೂರ ಮಾಡ್ಕೊಂಡು ಕುಂತೀ ತವರಮನೀನ" ಅಂದಳು.

"ಆಮೆನ್!"

ದಾವೀದಪ್ಪನ ದನಿ. ಅದರ ಹಿಂದೆಯೇ ಹಪ್ಪಳ ಮುರಿದ ಸದ್ದು. ಕೂಡಲೇ ರಾಹೇಲವ್ವ ನೆಲ ಕುಟ್ಟಿದ ಹಾಗೆ "ಆಮೆನ್" ಅಂದಳು. ಸಾಲಿನಲ್ಲಿ ಒಂದೊಂದೇ, ಕೆಲವು ಗಟ್ಟಿಯಾಗಿ, ಕೆಲವು ತುಟಿಯಲ್ಲೇ, ಆಮೆನ್‌ಗಳು ಬಂದವು. ಎಂಟು ಎಣಿಸಿದೆ. ಒಂಬತ್ತನೆಯದು ಬರಲಿಲ್ಲ. ನಾನು ಕಣ್ಣು ತೆರೆಯಲಿಲ್ಲ. ಕೊನೆಗೆ, ಗಂಟಲು ಕೆಮ್ಮಿನಿಂದ ಸರಿಮಾಡಿಕೊಂಡು, ತೀರ ಮೆಲ್ಲಗೆ, ಅದೂ ಬಂತು.

ಊಟದ ನಡುವೆ ಮಾಸ್ತರರು ಕೇಳಿದರು: "ದಾವೀದಪ್ಪ, ಯಾವುದಕ್ಕ ಆಮೆನ್ ಅಂದಿ, ಖಬರ್ ಐತೇನು?"

"ರೊಟ್ಟಿಗ್ರಿ ಮಾಸ್ತರ್ರ" ಎಂದ ದಾವೀದಪ್ಪ. "ನೀವು ಯಾವುದಕ್ಕಂದ್ರಿ?"

ಮಾಸ್ತರರು ತಟ್ಟೆ ನೋಡಿದರು. ಊಟ ಮುಗಿಸಿ, ಕೈ ತೊಳೆದು ಬಂದು ದೊಡ್ಡ ಪುಸ್ತಕ ತೆಗೆದು ಕೊನೆಯ ಹಾಳೆಯಲ್ಲಿ ಉದ್ದಕ್ಕೆ ಒಂದು ಗೆರೆ ಹೊಡೆದು, ಮೇಲೆ 'ಅತಿಥಿಗಳು' ಎಂದು ಬರೆದರು. "ಅತಿಥಿಗೆ ವಯಸ್ಸು ಕೇಳೂ ನಿಯಮ ಇದರಾಗ ಎಲ್ಲೂ ಇಲ್ಲ" ಎಂದರು. "ಪೂಜಿ ಮಾಡಾಕ ಬಲವಂತ ಇಲ್ಲ ಗಂಗವ್ವ. ಬಿಡಾಕೂ ಬಲವಂತ ಇಲ್ಲ."

ಏಳನೆಯ ತಿಂಗಳಲ್ಲಿ ದಾವೀದಪ್ಪ ಚಕ್ಕಡಿಗೆ ಮೆತ್ತನೆಯ ಹುಲ್ಲು ಹಾಸಿಕೊಂಡು ಮಾಸೂರಿಗೆ ಹೋಗಿ ನನ್ನ ಮಗಳನ್ನು ಕರೆತಂದ. ದೊರೆಸಾನಿಯವರನ್ನೂ ಅಷ್ಟು ನಿಧಾನವಾಗಿ ಕರೆತಂದಿರಲಿಲ್ಲವಂತೆ. ದಾರಿಯಲ್ಲಿ ಕುರಿಯ ಹಿಂಡು ತಮ್ಮನ್ನು ದಾಟಿ ಹೋಯಿತು ಎಂದು ನೀಲಾ ನಕ್ಕಳು. ಒಂದು ಮಧ್ಯಾಹ್ನ, ಬಿಸಿಲು ಹಂಚಿನ ಸಂದಿಯಿಂದ ಇಳಿದು ಗೋಡೆಯ ಮೇಲೆ ಬಂಗಾರದ ಬಿಲ್ಲೆಗಳ ಹಾಗೆ ಕೂತಿದ್ದಾಗ, ಹೆಣ್ಣು ಕೂಸು ಹುಟ್ಟಿತು. ರಾಹೇಲವ್ವನ ಕೈ ನಡುಗಲಿಲ್ಲ. ನಡುಗಿದ್ದು ನನ್ನದು, ಕೂಸನ್ನು ಇಸಿದುಕೊಳ್ಳಲು ಬಾರದೆ ಸೆರಗು ಒಡ್ಡಿದೆ. "ಉಡಿಯೊಳಗ ಹಾಕಾಕ ಇದೇನು ಜ್ವಾಳಾನ? ಕೈ ಹಿಡಿ" ಎಂದು ರಾಹೇಲವ್ವ ಬೈದಳು. ಬೈಯುತ್ತಲೇ ಅಳುತ್ತಿದ್ದಳು. ಹೊರಗೆ ಪಡಸಾಲೆಯಲ್ಲಿ ಉಳಿದವರೆಲ್ಲ ಕೋಲು ಊರಿಕೊಂಡು ಸಾಲು ನಿಂತಿದ್ದರು, ಪಾಳಿ ಹಚ್ಚಿದ ಹಾಗೆ.

ಐದನೆಯ ದಿನ ನಮ್ಮ ಸೆಟಗವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಆಕೆಗಾಗಿ ಕೂಸಿನ ಪಕ್ಕ ಒಂದು ಕಾಗದ, ಲೇಖಣಿ ಇಡಬೇಕು. ಆ ಮನೆಯಲ್ಲಿ ಲೇಖಣಿ ಇದ್ದದ್ದು ಒಬ್ಬರ ಹತ್ತಿರ. ಕೇಳುವುದು ಹೇಗೆಂದು ನಾನು ಕಂಬದ ಹಿಂದೆ ನಿಂತಿದ್ದರೆ, ಮಾಸ್ತರರೇ ಸಂಜೆ ಬಂದು ಚಾಚಿದರು. "ನಿಬ್ಬು ನಾಜೂಕ ಐತಿ. ಒತ್ತಿ ಬರಿಬ್ಯಾಡ ಅಂತ ಹೇಳ್ರಿ ಆಕಿಗೆ." ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಾಗದ ತಿರುಗಿಸಿ ನೋಡಿದರು. "ಏನೂ ಬರದಿಲ್ಲಲಾ?"

"ಕಾಗದ ನೆಪಕ್ಕ್ರಿ. ಬರಿಯೂದು ಹಣಿ ಮ್ಯಾಲೆ."

ಮಾಸ್ತರರು ಕನ್ನಡಕ ಏರಿಸಿ, ಬಗ್ಗಿ, ಕೂಸಿನ ಹಣೆಯನ್ನು ತುಂಬ ಹೊತ್ತು ನೋಡಿದರು. ಮೂವತ್ತು ವರ್ಷ ಸ್ಲೇಟು ತಿದ್ದಿದವರು. "ತಪ್ಪಿಲ್ಲ" ಅಂದು ಲೇಖಣಿ ಜೇಬಿಗೆ ಸಿಕ್ಕಿಸಿಕೊಂಡು ಹೋದರು.

ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಊದಬೇಕು. ಊದುವಾಗ ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದುತ್ತಾರೆ. ಬಸಪ್ಪನಿಗೆ ಅಕ್ಕತಂಗಿಯರಿಲ್ಲ. ರಾಹೇಲವ್ವನೇ ಅತ್ತೆಯಾದಳು. ಗುದ್ದುವ ಪದ್ಧತಿ ಇದೆ ಎಂದು ತಿಳಿದ ಕೂಡಲೇ ಆ ಮನೆಯಲ್ಲಿ ನಮ್ಮ ಪದ್ಧತಿಗಳ ಮೇಲೆ ಎಲ್ಲರಿಗೂ ಅಪಾರ ಗೌರವ ಹುಟ್ಟಿತು. ದಾವೀದಪ್ಪ ದೂರದಿಂದಲೇ ಬೇಡಿಕೊಂಡ: "ಗಂಡಸರು ಗುದ್ದಬಾರದೇನ್ರಿ? ಕುರ್ಚೀದು ಒಂದ ಬಾಕಿ ಐತಿ." ರಾಹೇಲವ್ವ ಎರಡು ಹೆಸರು ಊದಿದಳು. ದ್ಯಾಮವ್ವ ಎಂದು ನನ್ನದು, ಕೃಪಾ ಎಂದು ಅವರೆಲ್ಲರದು. ಯಾವುದರಿಂದ ಕರೆಯಬೇಕೆಂದು ಯಾರಿಗೂ ಬಲವಂತವಿಲ್ಲ. ಕೂಸು ಎರಡಕ್ಕೂ ತಿರುಗುತ್ತದೆ. ದಾವೀದಪ್ಪ ಎತ್ತಿಗೆ ಹೊಡೆಯುವ ಚುಕ್‌ಚುಕ್‌ಗೂ ತಿರುಗುತ್ತದೆ.

ಈಗ ಸಾಲಿನಲ್ಲಿ ನನಗೂ ಪಾಳಿಯಿದೆ. ಹತ್ತು ದಿನಕ್ಕೊಮ್ಮೆ ಬರುತ್ತದೆ. ನನ್ನ ಮಟ್ಟಿಗೆ ಅದು ಬಹಳ ತಡ, ಏಕೆಂದರೆ ಹತ್ತು ದಿನದಲ್ಲಿ ನನ್ನ ಮೊಮ್ಮಗಳು ಮಾಡುವುದನ್ನೆಲ್ಲ ದ್ಯಾಮವ್ವನಿಗೆ ಹೇಳಬೇಕಾದರೆ ಒಂದು ಊಟದ ಹೊತ್ತು ಸಾಲದು. ಅವಳು ಮಗ್ಗುಲಾದದ್ದು, ಅಂಬೆಗಾಲಿಟ್ಟದ್ದು, ತಾಯಿಯ ಜೊತೆ ಮಾಸೂರಿಗೆ ಮರಳಿದ ಮೇಲೆ ಅಲ್ಲಿ ಎಮ್ಮೆ ನೋಡಿ ನಕ್ಕದ್ದು. ಎಮ್ಮೆ ಹೇಗಿತ್ತು ಅನ್ನುವುದನ್ನೂ ಹೇಳಬೇಕಲ್ಲ. ಹೋದ ಪಾಳಿಯಲ್ಲಿ ನಡುವೆ ನಾಲ್ಕು ಮಂದಿ ಕೆಮ್ಮಿದರು. ಊರಲ್ಲಿ ನೆಗಡಿಯಿದೆ ಅಂದುಕೊಂಡು, ಅವರ ನೆಗಡಿಗೂ ಬೇಡಿಕೊಂಡು ಮುಂದುವರಿಸಿದೆ. ನಿನ್ನೆ ರಾಹೇಲವ್ವನ ಪಾಳಿ. ಅವಳು ಕೈ ಜೋಡಿಸಿ, ಪುಸ್ತಕದ ಕನ್ನಡದಲ್ಲಿ, ಒಂದಕ್ಷರವೂ ಅಂಗಳಕ್ಕೆ ಇಳಿಯದ ಹಾಗೆ ಬೇಡಿದಳು: "ಕೃಪಾಳುವಾದ ತಂದೆಯೇ, ನಮ್ಮ ಗಂಗವ್ವನಿಗೆ ದೊರೆಸಾನಿಯವರು ದಯಪಾಲಿಸಿದ್ದ ಸ್ವಾತಂತ್ರ್ಯವನ್ನು ಅವಳಿಗೆ ಮರಳಿ ಕೊಡು." ಆಮೆನ್ ಅನ್ನುವುದರಲ್ಲಿ ದಾವೀದಪ್ಪನೇ ಮೊದಲು.

ಇವತ್ತು ನನ್ನ ಪಾಳಿ. ಮಾಸ್ತರರು ಬೆರಳು ಎತ್ತಿದ್ದಾರೆ, ಕನ್ನಡಕದ ಮೇಲಿಂದ ನೋಡುತ್ತಿದ್ದಾರೆ, "ಗಂಗವ್ವ, ನಿಮಗ ಬಲ..." ಎಂದು ಶುರುವೂ ಮಾಡಿದ್ದಾರೆ. ನಾನು ಬೇಗನೆ ಕಣ್ಣು ಮುಚ್ಚಿಕೊಂಡೆ. ರೊಟ್ಟಿ ಆರಿದರೆ ಆರಲಿ. ಕೂಸಿಗೆ ಮೊನ್ನೆ ಇನ್ನೊಂದು ಹಲ್ಲು ಬಂದಿದೆ.